ಒಂದು ಚಿತ್ರ, ಒಂದು ಕತೆ: ದಾವಣಗೆರೆ, ದುರ್ಗದ ಡಿಸೈನರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಕೇಳುವವರಲ್ಲಿ ಮದುವೆ ಕಾರ್ಡಿನಿಂದ ಚುನಾವಣೆ ಕರಪತ್ರದವರೆಗೆ ಎಲ್ಲವನ್ನೂ ಮಾಡುವ ಡಿಟಿಪಿ ಅಂಗಡಿಯವರಿದ್ದಾರೆ, ದೃಶ್ಯಕಲೆ ಓದುವ ಹುಡುಗ ಹುಡುಗಿಯರಿದ್ದಾರೆ, ದುಡ್ಡು ಕೊಟ್ಟು ಡಿಸೈನ್ ಮಾಡಿಸುವ ಹೋಟೆಲ್, ಅಂಗಡಿ, ಸಂಘದವರೂ ಇದ್ದಾರೆ. ಎಲ್ಲರಿಗೂ ಬೇಕಾದದ್ದು ಒಂದೇ: ನೋಡಿದವರ ಮನಸ್ಸಿಗೆ ತಟ್ಟಬೇಕು. ಉತ್ತರಗಳು ನಮ್ಮ ಅನುಭವದವು, ಕೆಲವು ಕಡೆ ನಮ್ಮ ಹಟದವು ಕೂಡ.

ನಾನು ಮಾಡೋದು ಹ್ಯಾಂಡ್‌ಬಿಲ್. ಅದರಲ್ಲಿ ಕತೆ ಎಲ್ಲಿಂದ ಬರಬೇಕು?

ನೋಡುವವರ ತಲೆಯಿಂದ. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಆ್ಯನಿಮೇಷನ್ ತಯಾರಿಸಿ ವಿದ್ಯಾರ್ಥಿಗಳಿಗೆ ತೋರಿಸಿದರು. ಅದರಲ್ಲಿದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ, ಬಾಗಿಲಿನಂತೆ ತೆರೆದು ಮುಚ್ಚುವ ಒಂದು ಚೌಕಟ್ಟು. ಏನು ನೋಡಿದಿರಿ ಅಂತ ಕೇಳಿದರೆ ಹೆಚ್ಚುಕಮ್ಮಿ ಎಲ್ಲರೂ ಮನುಷ್ಯರ ಕತೆಯನ್ನೇ ಬರೆದರು. ದೊಡ್ಡ ತ್ರಿಕೋನ ಜಗಳಗಂಟ, ವೃತ್ತಕ್ಕೆ ಹೆದರಿಕೆ, ಸಣ್ಣ ತ್ರಿಕೋನ ಅದರ ಪರವಾಗಿ ನಿಂತಿದೆ ಅಂತೆಲ್ಲ. ಕಣ್ಣು ಮೂಗಿಲ್ಲದ ಆಕಾರ ಕೊಟ್ಟರೂ ಜನ ಕತೆ ಕಟ್ಟಿಕೊಳ್ಳುತ್ತಾರೆ. ನಾವು ಅದಕ್ಕೆ ಸಾಮಾನು ಒದಗಿಸಿ, ಅಡ್ಡ ನಿಲ್ಲದಿದ್ದರೆ ಸಾಕು.

ಸಾಮಾನು ಅಂದರೆ ಇಷ್ಟೇ: ಯಾರೋ ಒಬ್ಬರು, ಅವರಿಗೆ ಬೇಕಾದದ್ದೊಂದು, ನಡುವೆ ಒಂದು ಅಡ್ಡಿ. ಟ್ಯೂಷನ್ ಕ್ಲಾಸಿನ ಹ್ಯಾಂಡ್‌ಬಿಲ್ ತಗೊಳ್ಳಿ. ‘ನುರಿತ ಶಿಕ್ಷಕರು, ಉತ್ತಮ ಫಲಿತಾಂಶ’ ಅಂತ ಬರೆದು ಸುತ್ತ ರ‍್ಯಾಂಕ್ ಬಂದವರ ಮುಖ ಅಂಟಿಸಿದರೆ ಅದು ಪ್ರಕಟಣೆ. ಅದರ ಬದಲು ಒಂದು ನೋಟ್‌ಬುಕ್ಕಿನ ಹಾಳೆ ತೋರಿಸಿ. ಒಂದೇ ಲೆಕ್ಕ ಎರಡು ಮೂರು ಸಲ ಗೀಚಿ ಹೊಡೆದುಹಾಕಿದೆ, ರಬ್ಬರ್ ಉಜ್ಜಿ ಕಾಗದ ಸವೆದಿದೆ, ಕೆಳಗಡೆ ಅದೇ ಲೆಕ್ಕ ಸರಿಯಾಗಿ ಮುಗಿದಿದೆ. ಮಗು ಚಿತ್ರದಲ್ಲೇ ಇಲ್ಲ. ಆದರೂ ನೋಡಿದ ತಾಯಿಗೆ ಮನೆಯಲ್ಲಿರುವ ತನ್ನ ಮಗು ನೆನಪಾಗುತ್ತದೆ.

ಒಂದೇ ಫ್ರೇಮಿನಲ್ಲಿ ಇಡೀ ಕತೆ ಹೇಗೆ ಹಿಡಿಸೋದು?

ಹಿಡಿಸಬೇಡಿ. ಒಂದು ಕ್ಷಣ ಆರಿಸಿಕೊಳ್ಳಿ. ಇದನ್ನು ವಿವರಿಸಲು ನಮಗೆ ದುರ್ಗದ ಕೋಟೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಸರ್ಕಾರ 2021ರಿಂದ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿ ಆಚರಿಸುತ್ತಿದೆ. ಆ ದಿನ ಬರುವ ಪೋಸ್ಟರುಗಳನ್ನು ಸಾಲಾಗಿ ಇಟ್ಟು ನೋಡಿ. ಎತ್ತಿದ ಒನಕೆ, ಕೆಂಡದ ಕಣ್ಣು, ರಕ್ತ, ಹಿಂದೆ ಕೋಟೆ, ಕಾಲ ಬಳಿ ಹೆಣಗಳ ರಾಶಿ, ಮೇಲೊಂದು ಮೂಲೆಯಲ್ಲಿ ಮದಕರಿ ನಾಯಕ, ಇನ್ನೊಂದು ಮೂಲೆಯಲ್ಲಿ ಶಾಸಕರು. ಎಲ್ಲವೂ ಇದೆ, ಎದೆಗೆ ಏನೂ ಇಳಿಯುವುದಿಲ್ಲ.

ಈಗ ಅದೇ ಕತೆಯನ್ನು ಕ್ಷಣಗಳಾಗಿ ಬಿಡಿಸಿ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ. ಕಾವಲುಗಾರ ಕಹಳೆ ಮುದ್ದ ಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ. ಓಬವ್ವ ನೀರು ತರಲು ಹೋಗುತ್ತಾಳೆ. ಬಂಡೆಯ ಸಂದಿಯಲ್ಲಿ ಸದ್ದು. ಒಂದು ತಲೆ ಹೊರಗೆ ಬರುತ್ತದೆ. ಕೈಗೆ ಸಿಕ್ಕ ಒನಕೆ. ಹೊಡೆದು, ಹಿಂದಿನವನಿಗೆ ಅನುಮಾನ ಬಾರದಂತೆ ಹೆಣ ಪಕ್ಕಕ್ಕೆ ಎಳೆದು, ಮುಂದಿನ ತಲೆಗೆ ಕಾಯುತ್ತಾಳೆ. ಊಟ ಮುಗಿಸಿ ಗಂಡ ಬಂದು ನೋಡುತ್ತಾನೆ.

ಒನಕೆ ಬಿದ್ದ ಮೇಲಿನ ಕ್ಷಣ ಬರೆದರೆ ನೋಡುಗರಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಬೀಳುವುದಕ್ಕೆ ಮುಂಚಿನ ಕ್ಷಣ ಬರೆಯಿರಿ: ಗೋಡೆಗೆ ಬೆನ್ನು ಹಚ್ಚಿ ಉಸಿರು ಬಿಗಿಹಿಡಿದ ಹೆಂಗಸು, ಕಿಂಡಿಯ ಅಂಚಿನಲ್ಲಿ ಬರೀ ಒಂದು ರುಮಾಲಿನ ತುದಿ. ಒನಕೆಯನ್ನು ನೋಡುಗನೇ ಬೀಸುತ್ತಾನೆ. ಇನ್ನೂ ಧೈರ್ಯವಿದ್ದರೆ ಓಬವ್ವನನ್ನೂ ತೆಗೆದುಬಿಡಿ. ಅರ್ಧ ಉಂಡ ತಟ್ಟೆ, ಬಂಡೆ ಮೇಲೆ ಅವಸರದಲ್ಲಿ ಇಟ್ಟುಹೋದ ಕೊಡ, ಒರಳಿನ ಪಕ್ಕ ಒನಕೆ ಇರಬೇಕಾದ ಜಾಗ ಖಾಲಿ. ದುರ್ಗದವರಿಗೆ ಇಷ್ಟು ಸಾಕು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇದೇ ಚಿತ್ರ ತೂಗುಹಾಕಿದರೆ ಹೊರರಾಜ್ಯದವರಿಗೆ ಅದು ಅಡುಗೆಮನೆಯ ಚಿತ್ರ ಅಷ್ಟೆ. ಎಷ್ಟು ಬಿಡಬಹುದು ಅನ್ನುವುದನ್ನು ನೋಡುವವರಿಗೆ ಏನು ಗೊತ್ತಿದೆ ಅನ್ನುವುದೇ ನಿರ್ಧರಿಸುತ್ತದೆ. ಡಿಸೈನ್ ಶುರು ಮಾಡುವ ಮುಂಚೆ ಮೊದಲು ಬರೆದಿಟ್ಟುಕೊಳ್ಳಬೇಕಾದ ಸಾಲು ಇದು: ‘ನೋಡುವವರಿಗೆ ಈಗಾಗಲೇ ಗೊತ್ತಿರೋದು ಏನು?’

ಇನ್ನೊಂದು ಮಾತು, ಸ್ವಲ್ಪ ಸಿಟ್ಟಿನಿಂದಲೇ: ಕಿಂಡಿಯನ್ನು ದೊಡ್ಡ ಬಾಗಿಲಿನಷ್ಟು ಅಗಲ ಬರೆಯುವವರು ಒಮ್ಮೆ ಕೋಟೆ ಹತ್ತಿ ಬರಬೇಕು. ಒಬ್ಬ ಮನುಷ್ಯ ಮೈ ಕುಗ್ಗಿಸಿಕೊಂಡು ತೂರಬೇಕಾದ ಸಂದಿ ಅದು. ಒಬ್ಬಳೇ ಹೆಂಗಸು ಅಷ್ಟು ಜನರನ್ನು ತಡೆದಳು ಅನ್ನುವುದು ನಂಬುವಂತಾಗುವುದೇ ಆ ಇಕ್ಕಟ್ಟಿನಿಂದ. ಅದನ್ನು ಅಗಲ ಮಾಡಿದರೆ ಕತೆಯ ಕೀಲೇ ಕಳಚುತ್ತದೆ.

ಚಿತ್ರವನ್ನು ಮೆದುಳು ಅಕ್ಷರಕ್ಕಿಂತ 60,000 ಪಟ್ಟು ಬೇಗ ಗ್ರಹಿಸುತ್ತದಂತೆ, ಹೌದಾ?

ಈ ಸಂಖ್ಯೆಯ ಬೆನ್ನು ಹತ್ತಿ ಹೋದವರಿಗೆ ಅದರ ಮೂಲದಲ್ಲಿ ಯಾವ ಸಂಶೋಧನೆಯೂ ಸಿಕ್ಕಿಲ್ಲ. ಪ್ರೆಸೆಂಟೇಷನ್‌ಗಳಲ್ಲಿ ಒಬ್ಬರಿಂದೊಬ್ಬರು ನಕಲು ಮಾಡಿಕೊಂಡು ಬಂದದ್ದು. ನಂಬಬಹುದಾದ ಸಂಗತಿ ಬೇರೆ ಇದೆ: 2014ರಲ್ಲಿ ಅಮೆರಿಕದ ಎಂಐಟಿಯ ಮೇರಿ ಪಾಟರ್ ತಂಡ, ಬರೀ 13 ಮಿಲಿಸೆಕೆಂಡ್ ಕಾಣಿಸಿದ ಚಿತ್ರದಲ್ಲಿ ಏನಿತ್ತು ಅಂತ ಜನ ಗುರುತಿಸಬಲ್ಲರು ಎಂದು ತೋರಿಸಿತು. ಗುರುತಿಸುವುದು ಬೇರೆ, ಮನಸ್ಸಿಗೆ ತಟ್ಟುವುದು ಬೇರೆ. ಪಾರ್ಟಿಯ, ಅಂದರೆ ಕೆಲಸ ಕೊಟ್ಟ ಗಿರಾಕಿಯ, ಮುಂದೆ 60,000ದ ಲೆಕ್ಕ ಬಿಡಬೇಡಿ.

ಬೆಣ್ಣೆ ದೋಸೆ ಹೋಟೆಲ್ ಬೋರ್ಡಿಗೆ ದೋಸೆ ಫೋಟೊ ಬಿಟ್ಟು ಇನ್ನೇನು ಹಾಕೋದು?

ದಾವಣಗೆರೆಯಲ್ಲಿ ದೋಸೆ ಫೋಟೊ ಯಾರನ್ನೂ ನಿಲ್ಲಿಸುವುದಿಲ್ಲ, ಯಾಕೆಂದರೆ ಪಕ್ಕದ ಬೋರ್ಡಿನಲ್ಲೂ ಅದೇ ಇದೆ. ಅದರಲ್ಲೂ ಇಂಟರ್‌ನೆಟ್ಟಿನಿಂದ ಎತ್ತಿದ ಫೋಟೊ ಆದರೆ ಊರಿನವರಿಗೆ ತಕ್ಷಣ ಗೊತ್ತಾಗುತ್ತದೆ. ಬಿಳಿ ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯದ ಜಾಗದಲ್ಲಿ ಸಾಂಬಾರಿನ ಬಟ್ಟಲು ಕಂಡರೆ ಮುಗಿಯಿತು. ‘ಇದು ನಮ್ಮೂರಿಂದಲ್ಲ ಬಿಡಪ್ಪಾ’ ಅಂದುಕೊಂಡು ಮುಂದೆ ಹೋಗುತ್ತಾರೆ.

ಯಾರೋ ಒಬ್ಬರು, ಬೇಕಾದದ್ದು, ಅಡ್ಡಿ: ಇದನ್ನೇ ಇಲ್ಲಿ ಹಚ್ಚಿ ನೋಡಿ. ಭಾನುವಾರ ಬೆಳಿಗ್ಗೆ ಚೆನ್ನಾಗಿ ನಡೆಯುವ ಯಾವ ಹೋಟೆಲಿಗೆ ಹೋದರೂ ಒಂದು ನೋಟ ಇದ್ದೇ ಇರುತ್ತದೆ. ಒಬ್ಬರು ಕೂತು ತಿನ್ನುತ್ತಿರುತ್ತಾರೆ, ಅವರ ಕುರ್ಚಿಯ ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ. ನಿಂತವರ ಕಣ್ಣು ತಟ್ಟೆಯ ಮೇಲೆ. ಕೂತವರಿಗೂ ಅದು ಗೊತ್ತು, ಆದರೂ ಕೊನೆಯ ತುತ್ತನ್ನು ನಿಧಾನವಾಗಿ ಪಲ್ಯಕ್ಕೆ ಒತ್ತುತ್ತಿದ್ದಾರೆ. ಇದನ್ನು ಗೆರೆಚಿತ್ರವಾಗಿ ಬರೆಸಿ ಹೋಟೆಲಿನ ಹೆಸರು ಹಾಕಿ. ದೋಸೆ ಕಾಣುವುದೇ ಬೇಡ. ಮನಸ್ಸಿಗೆ ತಟ್ಟುವುದು ಅಂದರೆ ಕಣ್ಣೀರೇ ಆಗಬೇಕಿಲ್ಲ, ನಗುವೂ ತಟ್ಟುತ್ತದೆ. ಬೋರ್ಡು ನೋಡಿ ‘ಅಯ್ಯೋ, ಇದು ನಾನೇ’ ಅನ್ನಿಸಿದರೆ ಆ ಮನುಷ್ಯ ಇನ್ನೊಬ್ಬರಿಗೆ ಫೋಟೊ ಕಳಿಸುತ್ತಾನೆ.

ಅದೇ ಹೋಟೆಲಿನವರು ಬೆಂಗಳೂರಿನಲ್ಲಿ ಶಾಖೆ ತೆರೆದರೆ ಕತೆ ಬದಲಾಗುತ್ತದೆ. ಅಲ್ಲಿ ನೋಡುವವರು ಊರು ಬಿಟ್ಟು ಹೋದ ನಮ್ಮವರು. ಅವರಿಗೆ ಅಡ್ಡಿ ಕುರ್ಚಿಯಲ್ಲ, ದೂರ. ಸೌದೆ ಒಲೆಯ ಬಾಯಿ, ಕಾವಲಿಯ ಮೇಲಿನ ಹೊಗೆ, ಹಿಂದೆ ಮಸುಕಾಗಿ ಊರಿನ ಬೆಳಗು. ಅಲ್ಲಿ ಇಷ್ಟು ಭಾವುಕತೆ ನಡೆಯುತ್ತದೆ. ಇದನ್ನೇ ಇಲ್ಲಿ ಪಿ.ಬಿ. ರಸ್ತೆಯಲ್ಲಿ ಹಾಕಿದರೆ ಜನ ‘ದಿನಾ ನೋಡೋದೇ ಅಲ್ವಾ’ ಅಂತಾರೆ.

ಪಾರ್ಟಿಯವರು ‘ನಲವತ್ತು ಮುಖ ಬರಲೇಬೇಕ್ರಿ’ ಅಂತಾರೆ. ಏನು ಮಾಡೋದು?

ಮೊದಲು ಒಪ್ಪಿಕೊಳ್ಳೋಣ: ಹುಟ್ಟುಹಬ್ಬದ ಫ್ಲೆಕ್ಸು ಭಾವನೆಯ ಮಟ್ಟಿಗೆ ಸೋತ ಡಿಸೈನ್ ಅಲ್ಲ. ಅದು ದಾರಿಹೋಕರಿಗೆ ಮಾಡಿದ್ದೇ ಅಲ್ಲ, ಆ ನಲವತ್ತು ಜನರಿಗೆ ಮಾಡಿದ್ದು. ಪ್ರತಿಯೊಬ್ಬನೂ ತನ್ನ ಮುಖ ಎಲ್ಲಿದೆ, ಯಾರ ಪಕ್ಕದಲ್ಲಿದೆ, ಯಾರದಕ್ಕಿಂತ ಸಣ್ಣದು ಅಂತ ಹುಡುಕುತ್ತಾನೆ. ಅಂಥ ಕೆಲಸ ಬಂದರೆ ಮುಖಗಳನ್ನು ಒಂದೇ ಅಳತೆಯಲ್ಲಿ, ಒಂದೇ ಬೆಳಕಿನಲ್ಲಿ ಕೂರಿಸಿ ಚೊಕ್ಕವಾಗಿ ಮಾಡಿಕೊಡಿ. ಅಲ್ಲಿ ಕತೆ ತುರುಕಲು ಹೋಗಬೇಡಿ.

ಆದರೆ ಆರೋಗ್ಯ ಶಿಬಿರ, ನಾಟಕ, ಪುಸ್ತಕ ಬಿಡುಗಡೆ ಅಂತ ಸಾರ್ವಜನಿಕರನ್ನು ಕರೆಯುವ ಫ್ಲೆಕ್ಸು ಆದರೆ ತೊಗಲುಗೊಂಬೆಯವರ ಹತ್ತಿರ ಕಲಿಯಬೇಕು. ನಮ್ಮ ತೊಗಲುಗೊಂಬೆಗಳಲ್ಲಿ ಎಲ್ಲವೂ ಒಂದೇ ಗಾತ್ರವಲ್ಲ. ರಾಜರು, ದೇವರುಗಳು ದೊಡ್ಡವು, ಸೇವಕರು, ಸಾಮಾನ್ಯರು ಸಣ್ಣವು. ಪರದೆಯ ಹಿಂದೆ ದೀಪ ಹಚ್ಚಿದರೆ ಕಟ್ಟಕಡೆಯಲ್ಲಿ ಕೂತವನಿಗೂ ಯಾರು ಯಾರೆಂದು ಗೊತ್ತಾಗಬೇಕಲ್ಲ. ಫ್ಲೆಕ್ಸಿನಲ್ಲೂ ಹಾಗೆ: ಒಂದು ಮುಖ ಅಥವಾ ಒಂದು ವಸ್ತು ದೊಡ್ಡದು, ಉಳಿದದ್ದೆಲ್ಲ ಅದಕ್ಕೆ ತಗ್ಗಿ ನಡೆಯಬೇಕು. ಜಯದೇವ ವೃತ್ತದಲ್ಲಿ ಬೈಕ್ ಓಡಿಸುತ್ತಾ ಹೋಗುವವರು ನಿಮಗೆ ಕೊಡುವುದು ಒಂದೆರಡು ಸೆಕೆಂಡು. ಪಾರ್ಟಿ ಬಗ್ಗದಿದ್ದರೆ ಎರಡು ಮಾಡಿ: ರಸ್ತೆಗೆ ಒಂದೇ ಮುಖದ್ದು, ವೇದಿಕೆಯ ಪಕ್ಕಕ್ಕೆ ಎಲ್ಲರದ್ದೂ ಇರುವುದು. ಈ ರಾಜಿ ಹೆಚ್ಚಿನ ಸಲ ನಡೆಯುತ್ತದೆ.

ಅಂದಹಾಗೆ, ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸನ್ನು 2016ರಲ್ಲೇ ನಿಷೇಧಿಸಿದ್ದಾರೆ. ಬೀದಿ ನೋಡಿದರೆ ಹಾಗನ್ನಿಸುವುದಿಲ್ಲ. ಬಟ್ಟೆಯ ಬ್ಯಾನರಿನಲ್ಲಿ ಸಣ್ಣ ವಿವರ ಮಂಕಾಗುತ್ತದೆ, ದೊಡ್ಡ ಆಕಾರ ಚೆನ್ನಾಗಿ ನಿಲ್ಲುತ್ತದೆ. ಒಂದೇ ಮುಖ ಸಾಕು ಅನ್ನುವ ವಾದಕ್ಕೆ ಅದೂ ಒಂದು ಬಲ.

ರಕ್ತದಾನ ಶಿಬಿರಕ್ಕೆ ಪೋಸ್ಟರ್. ಎಷ್ಟು ಯೂನಿಟ್ ಕೊರತೆ ಅಂತ ದೊಡ್ಡದಾಗಿ ಹಾಕಿದರೆ ಜನ ಕರಗಲ್ವಾ?

ಸಾಮಾನ್ಯವಾಗಿ ಇಲ್ಲ. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಪ್ರಕಟಿಸಿದ ಪ್ರಯೋಗವೊಂದಿದೆ. ಜನರ ಕೈಗೆ ಐದು ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿನ ಬಗ್ಗೆ ಓದಲು ಕೊಟ್ಟು, ಇಷ್ಟವಿದ್ದಷ್ಟು ದಾನ ಮಾಡಿ ಅಂದರು. ಲಕ್ಷಾಂತರ ಜನರ ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ಏಳು ವರ್ಷದ ಒಬ್ಬಳೇ ಹುಡುಗಿಯ ಬಗ್ಗೆ ಓದಿದವರು 2.38 ಡಾಲರ್ ಕೊಟ್ಟರು. ಸ್ವಾರಸ್ಯ ಇರುವುದು ಮೂರನೆಯ ಗುಂಪಿನಲ್ಲಿ: ಹುಡುಗಿಯ ಕತೆಯ ಜೊತೆಗೆ ಅಂಕಿಅಂಶವನ್ನೂ ಓದಿದವರು 1.43ಕ್ಕೆ ಇಳಿದರು. ಎರಡನ್ನೂ ಹಾಕಿದರೆ ಎರಡರ ಬಲವೂ ಸೇರುತ್ತದೆ ಅನ್ನುವ ನಮ್ಮ ಲೆಕ್ಕ ಇಲ್ಲಿ ತಲೆಕೆಳಗಾಯಿತು.

ಹಾಗಾಗಿ ಶಿಬಿರದ ಪೋಸ್ಟರಿನಲ್ಲಿ ಒಬ್ಬರು ಇರಲಿ. ಆಪರೇಷನ್ ಥಿಯೇಟರ್ ಹೊರಗಿನ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟು ಕೂತ ಒಬ್ಬ ತಂದೆ, ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ರಕ್ತದ ಚೀಟಿ. ಯೂನಿಟ್ಟಿನ ಲೆಕ್ಕವನ್ನು ಸಂಘದವರಿಗೆ ಕಳಿಸುವ ಪತ್ರದಲ್ಲಿ ಬರೆಯಿರಿ.

ಒಂದು ಎಚ್ಚರಿಕೆ. ಒಬ್ಬರ ಮುಖ ಜೇಬು ತೆರೆಸುತ್ತದೆ, ಕಾರಣ ತಿಳಿಸುವುದಿಲ್ಲ. ಬರ, ಕೂಲಿ, ಗಣಿಗಾರಿಕೆಯಂಥ ವಿಷಯದಲ್ಲಿ ಬರೀ ಒಂದು ಅಳುಮುಖ ತೋರಿಸಿದರೆ ಜನ ನೂರು ರೂಪಾಯಿ ಕೊಟ್ಟು ಮರೆತುಬಿಡುತ್ತಾರೆ. ಅಲ್ಲಿ ಸಂಖ್ಯೆ ಬೇಕೇ ಬೇಕು.

ಹಾಗಾದರೆ ಸಂಖ್ಯೆಗೇ ಕತೆ ಹೇಳಿಸೋಕೆ ಆಗಲ್ವಾ?

ಆಗುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 2022ರಲ್ಲಿ, ಮತ್ತೆ 2025ರಲ್ಲಿ. ಇದನ್ನು ಬಾರ್ ಚಾರ್ಟ್ ಮಾಡಿದರೆ ನೀರಾವರಿ ಇಲಾಖೆಯ ವರದಿಯಂತಾಗುತ್ತದೆ. ಉದ್ದನೆಯ ಒಂದು ಬಿಳಿ ಪಟ್ಟಿ ತೆಗೆದುಕೊಳ್ಳಿ. ಎಡಗಡೆ 1933 ಅಂತ ಒಂದು ನೀಲಿ ಚುಕ್ಕೆ. ಆಮೇಲೆ ಏನೂ ಇಲ್ಲ. ಏನೂ ಇಲ್ಲ. ಬಲತುದಿಗೆ ಹತ್ತಿರ 2022, ಅದರ ಮಗ್ಗುಲಲ್ಲೇ 2025. ನಡುವಿನ 89 ವರ್ಷದ ಖಾಲಿಯನ್ನು ಕಣ್ಣು ದಾಟುವಾಗ ಕೋಡಿ ನೋಡದೆಯೇ ಹೋದ ತಾತ, ಅಜ್ಜಿಯರು ತಾವಾಗಿ ನೆನಪಿಗೆ ಬರುತ್ತಾರೆ. ಪಾರ್ಟಿ ಬಂದು ‘ಮಧ್ಯದಲ್ಲಿ ಜಾಗ ವೇಸ್ಟ್ ಆಗಿದೆಯಲ್ಲಣ್ಣಾ, ಡ್ಯಾಮಿನ ಫೋಟೊ ಹಾಕು’ ಅಂದರೆ ಮಾತ್ರ ಜಗ್ಗಬೇಡಿ.

ಕೆಂಪು ಅಂದರೆ ಕೋಪ, ನೀಲಿ ಅಂದರೆ ನಂಬಿಕೆ ಅಂತ ಪಟ್ಟಿ ಸಿಗುತ್ತೆ. ಅದನ್ನ ನೋಡಿ ಬಣ್ಣ ಆರಿಸಬಹುದಾ?

ಆ ಪಟ್ಟಿ ಹರಿದುಹಾಕಿ. ಕುಂಕುಮ ಕೆಂಪು, ಸಿಗ್ನಲ್ ದೀಪ ಕೆಂಪು, ಮದುವೆ ಸೀರೆ ಕೆಂಪು. ಅದೇ ಕೆಂಪಿನ ಮೇಲೆ ಹಳದಿ ಇಟ್ಟರೆ ನವೆಂಬರ್ ತಿಂಗಳೇ ಕಣ್ಣ ಮುಂದೆ ಬರುತ್ತದೆ. ಬಣ್ಣದ ಅರ್ಥ ಅದರ ಪಕ್ಕದಲ್ಲಿ ಏನಿದೆ, ಅದನ್ನು ಎಲ್ಲಿ ನೋಡುತ್ತೇವೆ ಅನ್ನುವುದರಿಂದ ಹುಟ್ಟುತ್ತದೆ.

ಬಣ್ಣವನ್ನು ಜಾಗದಿಂದ ತೆಗೆದುಕೊಳ್ಳಿ. ದಾವಣಗೆರೆ ಸುತ್ತ ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆ ಮೇಲೆಲ್ಲ ಕಾಳು ಹರವಿರುತ್ತಾರೆ. ಕಪ್ಪು ಡಾಂಬರಿನ ಮೇಲೆ ಹೊಂಬಣ್ಣ, ಅಂಚಿನಲ್ಲಿ ಎರೆಮಣ್ಣು, ಪಕ್ಕದಲ್ಲಿ ಮಡಚಿಟ್ಟ ನೀಲಿ ತಾಡಪಾಲು. ಈ ನಾಲ್ಕು ಬಣ್ಣದಲ್ಲಿ ರೈತರ ಸಹಕಾರ ಸಂಘಕ್ಕೆ ಕ್ಯಾಲೆಂಡರ್ ಮಾಡಿದರೆ ರೈತನ ಫೋಟೊ ಇಲ್ಲದೆಯೂ ಅದು ರೈತರದ್ದೇ. ಮೊಬೈಲಿನಲ್ಲಿ ಜಾಗದ ಫೋಟೊ ತೆಗೆದು ಅದರಿಂದಲೇ ಬಣ್ಣ ಹೆಕ್ಕಿ. ಪ್ರಿಂಟಿಗೆ ಕಳಿಸುವುದಾದರೆ ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಬಣ್ಣಕ್ಕೆ, ಬದಲಿಸಿ ನೋಡಿ. ಪರದೆಯಲ್ಲಿ ಮಿಂಚುವ ಹಸಿರು, ಕಿತ್ತಳೆ ಕಾಗದದ ಮೇಲೆ ಸಪ್ಪೆಯಾಗುತ್ತವೆ. ಪ್ರಿಂಟಿನವರ ಹತ್ತಿರ ಒಂದು ಸಣ್ಣ ತುಂಡು ಮೊದಲು ತೆಗೆಸಿ.

ಕನ್ನಡ ಅಕ್ಷರ ಹಾಕಿದ ಕೂಡಲೇ ಡಿಸೈನ್ ಹಳೇ ಕಾಲದ್ದು ಅನ್ನಿಸುತ್ತೆ. ಯಾಕೆ?

ಅಕ್ಷರದ ತಪ್ಪಲ್ಲ, ಇಂಗ್ಲಿಷಿನ ಅಳತೆಯಲ್ಲಿ ಕನ್ನಡ ಕೂರಿಸಿದ ತಪ್ಪು. ಇಂಗ್ಲಿಷಿಗೆ ಸಾಲಿನ ಅಂತರ ಅಕ್ಷರದ ಗಾತ್ರದ 120 ಶೇಕಡಾ ಇದ್ದರೆ ಸಾಕು. ನಮ್ಮಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು. ‘ರಾಷ್ಟ್ರ’ದ ಕೆಳಗೆ ‘ಸ್ತ್ರೀ’ ಬಂದರೆ ಒಂದಕ್ಕೊಂದು ತಲೆ ಹೊಡೆದುಕೊಳ್ಳುತ್ತವೆ. 140ರಿಂದ 150ರವರೆಗೆ ಬಿಡಿ. ಸ್ಟೈಲಿಗಾಗಿ ಅಕ್ಷರಗಳ ನಡುವೆ ಜಾಗ ಎಳೆಯಬೇಡಿ, ಪದ ಒಡೆದು ಕಾಣುತ್ತದೆ.

ಫೋಟೊಶಾಪ್, ಇನ್‌ಡಿಸೈನ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ‘ವರ್ಲ್ಡ್ ರೆಡಿ’ ಅನ್ನುವ ಆಯ್ಕೆ ಹಾಕಿಕೊಳ್ಳಬೇಕು. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಫಾಂಟಿಗೆ ಬದಲಿಸಿದರೆ ಗೊಜಲಾಗುತ್ತದೆ, ಮೊದಲು ಪರಿವರ್ತಕದಲ್ಲಿ ಹಾಯಿಸಿ. ಇದೆಲ್ಲ ಯಂತ್ರದ ಮಾತು.

ಕತೆಯ ಮಾತು ಅಂದರೆ ಫಾಂಟಿಗೆ ದನಿ ಇದೆ. ‘ಬಲೂ ತಮ್ಮ’ ಅನ್ನುವ ಫಾಂಟ್ ದುಂಡಗೆ, ಮಕ್ಕಳ ಜೊತೆ ಮಾತಾಡುವ ದನಿ. ಟಿರೊ ಕನ್ನಡ, ನೋಟೊ ಸೆರಿಫ್ ಕನ್ನಡ ಪುಸ್ತಕದ ದನಿ. ಅನೇಕ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ, ಕಿರಿದಿನಿಂದ ಅಗಲದವರೆಗೆ ಎಲ್ಲ ಸಿಗುತ್ತದೆ. ಅಕಾಯ ಕನ್ನಡಕಕ್ಕೆ ಕೈಬರಹದ ತುಂಟತನ ಇದೆ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ‘ಬೆಣ್ಣೆ’ ಅಂತಲೂ ಒಂದು ಫಾಂಟ್ ಇದೆ. ಹೆಸರು ನೋಡಿ ದೋಸೆ ಬೋರ್ಡಿಗೆ ಹಾಕಬೇಡಿ, ಹಾಕಿ ನೋಡಿ ಒಪ್ಪಿದರೆ ಹಾಕಿ. ತಾಕತ್ತಿದ್ದರೆ ಊರಿನಲ್ಲಿ ಉಳಿದಿರುವ ಬೋರ್ಡ್ ಬರೆಯುವ ಪೇಂಟರ್ ಒಬ್ಬರ ಕೈಯಲ್ಲಿ ಹೆಸರು ಬರೆಸಿ, ಸ್ಕ್ಯಾನ್ ಮಾಡಿಕೊಳ್ಳಿ. ಅದನ್ನು ಮೀರಿಸುವ ಫಾಂಟ್ ನಾವಂತೂ ನೋಡಿಲ್ಲ.

ಸ್ಟಾಕ್ ಫೋಟೊ, ಎಐ ಚಿತ್ರ ಬಳಸಬಹುದಾ?

ಹಿನ್ನೆಲೆಗೆ, ಕಚ್ಚಾ ಲೇಔಟ್ ತೋರಿಸಲು ಬಳಸಿ. ಕತೆಯ ನಡುವಿನ ಮನುಷ್ಯನಿಗೆ ಬೇಡ. ಸ್ಟಾಕ್ ಫೋಟೊದ ರೈತ ಪಂಜಾಬಿನ ಪಗಡಿ ಕಟ್ಟಿ ಗೋಧಿ ಹೊಲದಲ್ಲಿ ನಗುತ್ತಾನೆ. ಎಐಗೆ ದುರ್ಗದ ಕೋಟೆ ಬರೆ ಅಂದರೆ ರಾಜಸ್ಥಾನದ ಗುಮ್ಮಟ ಬರುತ್ತದೆ, ನಮ್ಮ ಬಂಡೆಗಳು ಬರುವುದಿಲ್ಲ. ಬೆಳಿಗ್ಗೆ ಎಂಟರೊಳಗೆ, ಪಕ್ಕದಿಂದ ಬೀಳುವ ಬೆಳಕಿನಲ್ಲಿ, ಮನುಷ್ಯನಿಗೆ ಪೋಸ್ ಕೊಡು ಅನ್ನದೆ ಅವನ ಕೆಲಸ ಮಾಡಲು ಬಿಟ್ಟು, ಮೊಬೈಲಿನಲ್ಲೇ ತೆಗೆದ ಫೋಟೊ ಇವೆರಡನ್ನೂ ಸೋಲಿಸುತ್ತದೆ.

ಬಡತನ ತೋರಿಸಿ ಕಣ್ಣೀರು ತರಿಸೋದು ತಪ್ಪಾ?

ಮಂಡಕ್ಕಿ ಹುರಿಯುವ ಭಟ್ಟಿಗಳ ಉದಾಹರಣೆ ನೋಡೋಣ. ಹೊಗೆ, ಬಿಸಿ, ಮಸಿ ಹತ್ತಿದ ಗೋಡೆ, ಕ್ಯಾಮೆರಾ ಹಿಡಿದವರಿಗೆ ಎಲ್ಲಿ ತಿರುಗಿಸಿದರೂ ಫೋಟೊ. ಅಲ್ಲಿ ದುಡಿಯುವವರ ಕೆಮ್ಮಿನ ಬಗ್ಗೆ ಆರೋಗ್ಯ ಜಾಗೃತಿ ಪೋಸ್ಟರ್ ಮಾಡಬೇಕು ಅಂದುಕೊಳ್ಳಿ. ನೋಡುವವರು ಯಾರು? ಭಟ್ಟಿಯವರೇ. ಮಸಿ ಮುಖದ ಕ್ಲೋಸಪ್ ಅವರ ಗೋಡೆಗೆ ಅಂಟಿಸಿದರೆ ಅವರಿಗೆ ಅನಿಸುವುದು ಅವಮಾನ. ಸಂಜೆ ಕೆಲಸ ಮುಗಿಸಿ ಮುಖ ತೊಳೆದು, ಮಗುವಿನ ಪಕ್ಕ ಕೂತು, ಕೆಮ್ಮು ಬಂದಾಗ ಆ ಕಡೆ ತಿರುಗುವ ತಂದೆಯನ್ನು ತೋರಿಸಿ. ಕಾಳಜಿ ಅವರದ್ದೇ ಆಗುತ್ತದೆ.

ಒಪ್ಪಿಗೆ ಕೇಳುವುದು, ತೆಗೆದ ಫೋಟೊ ಎಲ್ಲಿ ಹಾಕುತ್ತೀರಿ ಅಂತ ಹೇಳುವುದು, ಮುಗಿದ ಪೋಸ್ಟರನ್ನು ಮೊದಲು ಅವರಿಗೇ ತೋರಿಸುವುದು ಬಿಡಬಾರದ ಕೆಲಸ. ಮಕ್ಕಳ ವಿಷಯದಲ್ಲಿ ಕಾನೂನೂ ಇದೆ. ಕಾನೂನು ಮೀರಿ ದುಡಿಸಿಕೊಳ್ಳುತ್ತಿರುವ ಮಗುವನ್ನು 2015ರ ಬಾಲನ್ಯಾಯ ಕಾಯ್ದೆ ರಕ್ಷಣೆ ಬೇಕಾದ ಮಗು ಎಂದೇ ಪರಿಗಣಿಸುತ್ತದೆ. ಅದರ 74ನೇ ಸೆಕ್ಷನ್ ಪ್ರಕಾರ ಅಂಥ ಮಗುವಿನ ಗುರುತು ಸಿಗುವಂತೆ ಹೆಸರು, ಫೋಟೊ ಪ್ರಕಟಿಸುವಂತಿಲ್ಲ. ‘ಒಳ್ಳೇ ಉದ್ದೇಶಕ್ಕೆ ಹಾಕಿದ್ದು’ ಅನ್ನುವ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ.

ಇನ್‌ಸ್ಟಾಗ್ರಾಂ ಸ್ಲೈಡುಗಳಲ್ಲಿ ಯಾವುದು ಮೊದಲು, ಯಾವುದು ಕೊನೆ?

ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಂದೇ ಮುಖದ ಒಂದೇ ಶಾಟನ್ನು ಮೂರು ಬೇರೆ ಶಾಟುಗಳ ಜೊತೆ ಜೋಡಿಸಿದರಂತೆ: ಸೂಪಿನ ಬಟ್ಟಲು, ಶವಪೆಟ್ಟಿಗೆಯಲ್ಲಿ ಮಗು, ಒಬ್ಬಳು ಹೆಂಗಸು. ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಜನ ಮಾತ್ರ ಹಸಿವು, ದುಃಖ, ಆಸೆ ಕಂಡರು. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಮೂರನೆಯದು ನೋಡುಗನ ತಲೆಯಲ್ಲಿ ಹುಟ್ಟುತ್ತದೆ.

ಮೊಳಕಾಲ್ಮೂರು ರೇಷ್ಮೆ ಸೀರೆ ಮಾರುವ ಪುಟಕ್ಕೆ ಇದನ್ನು ಹಚ್ಚೋಣ. ಎಲ್ಲರೂ ಮಾಡುವ ಕ್ರಮ: ಸೀರೆ, ಸೆರಗು, ಅಂಚು, ಬೆಲೆ, 2011ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕ ಸಂಗತಿ. ಇದರ ಬದಲು ಮೊದಲ ಸ್ಲೈಡಿನಲ್ಲಿ ಮಗ್ಗದ ಮೇಲೆ ಬಾಗಿದ ನೇಕಾರ ಹೆಂಗಸಿನ ಮುಖ, ಕಣ್ಣು ಕೆಳಗೆ. ಎರಡನೆಯದರಲ್ಲಿ ಹಾಸಿನ ನೂಲಿನ ನಡುವೆ ಅರ್ಧ ಮಾತ್ರ ಮೂಡಿದ ಹೂವು. ಮೂರನೆಯದು ಮದುವೆ ಮನೆ, ಸೀರೆಯುಟ್ಟ ಹುಡುಗಿಯ ಬೆನ್ನು, ಅದೇ ಹೂವು ಈಗ ಪೂರ್ತಿ. ನಾಲ್ಕನೆಯದರಲ್ಲಿ ಮತ್ತೆ ಆ ನೇಕಾರಳ ಮುಖ, ಮೊದಲಿನದೇ ಫೋಟೊ. ಮೊದಲ ಸಲ ಅದು ಶ್ರಮ ಅನ್ನಿಸಿತ್ತು, ಈಗ ಹೆಮ್ಮೆ ಅನ್ನಿಸುತ್ತದೆ. ಮುಖದಲ್ಲಿ ಏನೂ ಬದಲಾಗಿಲ್ಲ. ಬೆಲೆ, ಫೋನ್ ನಂಬರ್, ಭೌಗೋಳಿಕ ಸೂಚಕದ ವಿಷಯ ಐದನೆಯದರಲ್ಲಿ. ಬೆಲೆ ಮುಚ್ಚಿಟ್ಟು ‘ಮೆಸೇಜ್ ಮಾಡಿ’ ಅನ್ನಬೇಡಿ, ಕಟ್ಟಿದ ಭಾವನೆಯೆಲ್ಲ ಅಲ್ಲೇ ಸೋರಿಹೋಗುತ್ತದೆ.

ಲೋಗೋದಲ್ಲೂ ಕತೆ ಇರಬೇಕಾ?

ಬೇಕಿಲ್ಲ. ಹರಿಹರದ ದೇವಸ್ಥಾನದ ಮೂರ್ತಿ ನೋಡಿ, ಅರ್ಧ ಹರಿ, ಅರ್ಧ ಹರ. ಎರಡು ಪಂಥಗಳ ದೊಡ್ಡ ಕತೆ ಒಂದೇ ಮೈಯಲ್ಲಿದೆ ನಿಜ. ಆದರೆ ಅದು ಅರ್ಥವಾಗುವುದು ಕತೆ ನಮಗೆ ಮೊದಲೇ ಗೊತ್ತಿರುವುದರಿಂದ. ನಿನ್ನೆ ತೆರೆದ ಕಿರಾಣಿ ಅಂಗಡಿಯ ಬಗ್ಗೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ಅಮುಲ್ ಹುಡುಗಿ 1966ರಿಂದ ಹೋರ್ಡಿಂಗುಗಳಲ್ಲಿ ದಿನದ ಸುದ್ದಿಗೆ ಪ್ರತಿಕ್ರಿಯಿಸುತ್ತಾ ಬಂದದ್ದರಿಂದ ಅವಳಿಗೊಂದು ಸ್ವಭಾವ ಬಂತು. ಲೋಗೋ ಸರಳವಾಗಿ, ಓದಲು ಬರುವಂತೆ ಇರಲಿ. ಕತೆಗೆ ಪೋಸ್ಟರ್ ಇದೆ.

ಚಿತ್ರದ ಜೊತೆ ಎಷ್ಟು ಮಾತು?

ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬಾರದು. ನಾಯಕನಹಟ್ಟಿ ಜಾತ್ರೆಯ ಪೋಸ್ಟರಿನಲ್ಲಿ ತೇರಿನ ಫೋಟೊ ಹಾಕಿ ಕೆಳಗೆ ‘ಭವ್ಯ ರಥೋತ್ಸವ’ ಅಂತ ಬರೆದರೆ ಒಂದೇ ಮಾತು ಎರಡು ಸಲ ಆಯಿತು. ಕೆರೆ ಕಟ್ಟಿಸಿದರೆಂದು ಜನ ಇಂದಿಗೂ ನೆನೆಯುವ ತಿಪ್ಪೇರುದ್ರಸ್ವಾಮಿಯ ಊರು ಅದು. ಸಂಜೆಯ ಕೆರೆಯ ನೀರಿನ ಚಿತ್ರ, ಮೇಲೆ ಅವರದೇ ಮಾತು ‘ಮಾಡಿದಷ್ಟು ನೀಡು ಭಿಕ್ಷೆ’, ಕೆಳಗೆ ತಾರೀಕು. ಮಾತಿನಲ್ಲಿ ಕೆರೆ ಇಲ್ಲ, ಕೆರೆಯಲ್ಲಿ ಮಾತಿಲ್ಲ. ಎರಡನ್ನೂ ಓದುವವರೇ ಜೋಡಿಸಿಕೊಳ್ಳುತ್ತಾರೆ.

ಡಿಸೈನ್ ಮುಟ್ಟಿತೋ ಇಲ್ಲವೋ, ಪ್ರಿಂಟಿಗೆ ಕೊಡೋ ಮುಂಚೆ ಹೇಗೆ ತಿಳಿಯೋದು?

ಹೇಗಿದೆ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಾರೆ. ಪಕ್ಕದ ಟೀ ಅಂಗಡಿಯವರಿಗೆ ಐದು ಸೆಕೆಂಡ್ ತೋರಿಸಿ, ಮೊಬೈಲ್ ತಿರುಗಿಸಿ, ‘ಅದರಲ್ಲಿ ಏನಾಗ್ತಿತ್ತು?’ ಅಂತ ಕೇಳಿ. ‘ಒಬ್ಬ ಮನುಷ್ಯ, ಆಸ್ಪತ್ರೆ, ಬೆಂಚು’ ಅಂದರೆ ಇನ್ನೂ ಆಗಿಲ್ಲ. ‘ಯಾರಿಗೋ ಕಾಯ್ತಾ ಇದಾನೆ, ಪಾಪ’ ಅಂದರೆ ಆಯಿತು.

ಇಷ್ಟೆಲ್ಲ ಮಾಡಿದರೆ ಪಾರ್ಟಿ ದುಡ್ಡು ಕೊಡ್ತಾರಾ?

ಸ್ಕ್ವೇರ್ ಫೀಟ್ ಲೆಕ್ಕದಲ್ಲಿ ಫ್ಲೆಕ್ಸು ಮಾಡಿಸಿ ರೂಢಿಯಾದವರಿಗೆ ‘ಕತೆ ಹುಡುಕಿದ್ದಕ್ಕೆ ಇಷ್ಟು’ ಅಂದರೆ ನಗುತ್ತಾರೆ. ಬಿಲ್ಲಿನಲ್ಲಿ ಕತೆ ಅಂತ ಬರೆಯಬೇಡಿ. ಜಾಗಕ್ಕೆ ಹೋಗಿ ಬರುವುದು, ಫೋಟೊ ತೆಗೆಯುವುದು, ಡಿಸೈನ್, ಪ್ರಿಂಟ್ ಅಂತ ಬಿಡಿಬಿಡಿಯಾಗಿ ಬರೆಯಿರಿ. ಕೆಲಸ ಒಪ್ಪಿಕೊಳ್ಳುವಾಗಲೇ ಎಷ್ಟು ಸಲ ತಿದ್ದಿಕೊಡುತ್ತೀರಿ ಅಂತ ಹೇಳಿ, ಅರ್ಧ ಮುಂಗಡ ಈಸಿಕೊಳ್ಳಿ. ಹೊಸ ಪಾರ್ಟಿ ಆದರೆ ಅವರು ಕೇಳಿದ ಮಾದರಿಯದೊಂದು, ನಿಮ್ಮದೊಂದು, ಎರಡನ್ನೂ ಒಂದೇ ಅಳತೆಯಲ್ಲಿ ಪ್ರಿಂಟ್ ತೆಗೆದು ಅವರ ಅಂಗಡಿ ಗೋಡೆಗೆ ಅಂಟಿಸಿ, ಗಿರಾಕಿಗಳು ಯಾವುದರ ಮುಂದೆ ನಿಲ್ಲುತ್ತಾರೆ ಅಂತ ಮಾಲೀಕರೇ ಒಂದು ದಿನ ನೋಡಲಿ. ವಾಟ್ಸ್ಯಾಪಿನಲ್ಲಿ ಕಳಿಸಿ ಒಪ್ಪಿಗೆ ಕೇಳಿದರೆ ಅವರು ಅದನ್ನು ಭಾಮೈದನಿಗೆ ಫಾರ್ವರ್ಡ್ ಮಾಡುತ್ತಾರೆ, ಭಾಮೈದ ‘ಕಲರ್ ಕಮ್ಮಿ ಐತಿ’ ಅಂತಾನೆ.